ಫುಮಿಯ ಕೈರುಚಿ

ಊಟದಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಆ ಮೇಣದ ಬಟ್ಟಲನ್ನು ತೊಕುಜಿ ಎರಡು ವರ್ಷದ ಹಿಂದೆಯೇ ತೆಗೆದು ಒಳಗಿಟ್ಟಿದ್ದರೆ ಅವತ್ತು ಅಷ್ಟೊಂದು ರಂಪ ಆಗುತ್ತಿರಲಿಲ್ಲ. ತೆಗೆಯಬೇಕೆಂದು ಕಪಾಟಿನ ಬಾಗಿಲನ್ನೂ ತೆರೆದಿದ್ದ. ಆದರೆ ಅದನ್ನು ಅಲ್ಲಿಟ್ಟವಳು ಅವನ ಹೆಂಡತಿ ಫುಮಿ. ಅವಳು ತೀರಿಕೊಂಡ ಮೇಲೆ ಅವಳಿಟ್ಟ ಬಟ್ಟಲನ್ನೂ ಎತ್ತಿಟ್ಟರೆ ಅವಳನ್ನು ಇನ್ನೊಂದು ಸಲ ಕಳಿಸಿಕೊಟ್ಟಂತೆ ಅನ್ನಿಸಿ, ಧೂಳು ಒರೆಸಿ ಹಾಗೆಯೇ ಬಿಟ್ಟ. ಮೇಣದ ಸೌತೆಕಾಯಿ ಬಿಸಿಲಿಗೆ ಬಿಳಚಿಕೊಂಡಿತು. ಮೇಣದ ಸಾರು ನಡುವೆ ಬಿರುಕು ಬಿಟ್ಟಿತು. ಆದರೂ ದೂರದಿಂದ ನೋಡಿದವರಿಗೆ ಅದು ಹಿಯಾಜಿರು ಎಂಬ ತಣ್ಣನೆಯ ಸಾರು ಎಂದು ಗೊತ್ತಾಗುತ್ತಿತ್ತು. ಒಳಗೆ ಅಡುಗೆಮನೆಯಲ್ಲಿ ಮಾತ್ರ ಹಿಯಾಜಿರು ಇರಲಿಲ್ಲ. ಆ ಅಂಗಡಿಯಲ್ಲಿ ಈಗ ಸಿಗುತ್ತಿದ್ದದ್ದು ಉದೋನ್ ಶಾವಿಗೆ ಮತ್ತು ಅನ್ನದ ಮೇಲೆ ಸುರಿದ ಮಸಾಲೆ ಕರಿ. ಎರಡೂ ಸುಮಾರಾಗಿರುತ್ತಿದ್ದವು.

ಪಾಪ, ತೊಕುಜಿ ಅಡುಗೆಯವನಲ್ಲ, ಬಸ್ಸು ಓಡಿಸಿದವನು. ಬೆಳಕು ಹರಿಯುವ ಮೊದಲೇ ಡಿಪೋ ಸೇರಿ ಮೊದಲ ಬಸ್ಸು ತೆಗೆಯುತ್ತಿದ್ದ, ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ. ಹೆಂಡತಿ ನಸುಕಿನಲ್ಲಿ ಎದ್ದು ಅಂಗಡಿಗೆ ಏನು ಅರೆಯುತ್ತಾಳೆ, ಏನು ಬೇಯಿಸುತ್ತಾಳೆ ಅವನು ಕಂಡವನಲ್ಲ. ಮಧ್ಯಾಹ್ನ ಡಿಪೋದಲ್ಲಿ ಬುತ್ತಿ, ರಾತ್ರಿ ಅಂಗಡಿಯ ಮೇಲಿನ ಮನೆಯಲ್ಲಿ ಊಟ. ಬೇಸಿಗೆಯಲ್ಲಿ ರಾತ್ರಿಯೂಟ ಎಂದರೆ ಹಿಯಾಜಿರು. ಮೀನು, ಎಳ್ಳು, ಸೋಯಾ ಹುದುಗಿಸಿ ಅರೆದ ಮಿಸೊ ಸೇರಿಸಿದ ತಣ್ಣನೆಯ ಸಾರನ್ನು ಜವೆಗೋಧಿ ಬೆರೆಸಿದ ಅನ್ನದ ಮೇಲೆ ಸುರಿದುಕೊಂಡು, ಒಂದು ಕೈಯಲ್ಲಿ ಪೇಪರು ಹಿಡಿದು ಅವನು ಉಣ್ಣುತ್ತಿದ್ದ. ಫುಮಿ ಎದುರಿಗೆ ಕೂತು ಅವನ ಮುಖವನ್ನೇ ನೋಡುತ್ತಿದ್ದಳು. ಅವನು "ಹ್ಞೂಂ" ಅನ್ನುತ್ತಿದ್ದ. ಖಾಲಿ ಬಟ್ಟಲು ಮುಂದೆ ಚಾಚಿದರೆ ಇನ್ನೊಂದು ಸಲ ಬಡಿಸು ಎಂದು ಅರ್ಥ. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದು ಸಿನಿಮಾದ ಗಂಡಂದಿರ ಕೆಲಸ ಎಂದು ಅವನ ನಂಬಿಕೆ.

ನಿವೃತ್ತನಾದ ಮೇಲೆ ಅವಳ ಪಕ್ಕದಲ್ಲಿ ನಿಂತು ಅಡುಗೆ ಕಲಿಯಬೇಕು, ಪೇಪರು ಬದಿಗಿಟ್ಟು ಮಾತಾಡುತ್ತ ಉಣ್ಣಬೇಕು ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದ. ಅವಳಿಗೆ ಹೇಳಿರಲಿಲ್ಲ. ನಿವೃತ್ತನಾದ ವರ್ಷವೇ, ಬೇಸಿಗೆ ಕಾಲಿಡುವ ಮೊದಲೇ, ಅವಳು ಹೊರಟುಹೋದಳು. ಬಸ್ಸನ್ನು ಒಂದು ನಿಮಿಷವೂ ತಡಮಾಡದೆ ಓಡಿಸಿದವನು ಇಲ್ಲಿ ತಡಮಾಡಿಬಿಟ್ಟಿದ್ದ. ಅದನ್ನು ನೆನೆಸಿಕೊಂಡಾಗೆಲ್ಲ ಅವನು ಸೌಟು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದ, ಅಷ್ಟರಲ್ಲಿ ಉದೋನ್ ಹೆಚ್ಚು ಬೆಂದಿರುತ್ತಿತ್ತು.

ಮೇಣದ ಬಟ್ಟಲು ತಾನಾಗಿ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ತೊಂದರೆ ತಂದವನು ಬಜಾರಿನ ವರ್ತಕರ ಸಂಘದ ಅಧ್ಯಕ್ಷ, ಮಿಠಾಯಿ ಅಂಗಡಿಯ ಹಿದಾಕಾ. ಪ್ರವಾಸಿಗರು ಬರಲಿ ಎಂದು ಅವನೊಂದು ಕರಪತ್ರ ಅಚ್ಚು ಹಾಕಿಸಿದ: "ನಮ್ಮ ಬಂದರಿಗೆ ಬಂದವರು ತಿನ್ನದೆ ಹೋಗಬಾರದ ಸಾಂಪ್ರದಾಯಿಕ ತಿನಿಸುಗಳು." ಮೊದಲನೆಯದು, ಹೇಳಬೇಕಾಗಿಯೇ ಇಲ್ಲ, ಹಿದಾಕಾನ ಅಂಗಡಿಯ ಹೂರಣದ ಕಡುಬು. ಕೊನೆಯಲ್ಲಿ ಒಂದು ಜಾಗ ಖಾಲಿ ಉಳಿಯಿತು. ಅಲ್ಲಿ "ಫುಮಿ ಸಾನ್ ಕೈರುಚಿಯ ಹಿಯಾಜಿರು" ಎಂದು, ಹೆಸರಿಗೆ ಗೌರವದ 'ಸಾನ್' ಹಚ್ಚಿ, ಹಾಕಿಸಿಬಿಟ್ಟ. ತೊಕುಜಿಯನ್ನು ಕೇಳಿರಲಿಲ್ಲವೆಂದಲ್ಲ. ಕೇಳಿದಾಗ ತೊಕುಜಿ, "ಅದು... ಹೇಗಾಗುತ್ತೋ ಏನೋ..." ಎಂದಿದ್ದ. ಬೇಡ ಎಂಬುದನ್ನು ಇದಕ್ಕಿಂತ ಬಿಡಿಸಿ ಹೇಳುವುದು ಮರ್ಯಾದಸ್ಥರಿಗೆ ಸಾಧ್ಯವಿಲ್ಲ. ಹಿದಾಕಾನಿಗೆ ಚೆನ್ನಾಗಿ ಅರ್ಥವಾಗಿತ್ತು, ಅರ್ಥವಾಗದವನಂತೆ ಎದ್ದು ಹೋಗಿದ್ದ.

ಅವತ್ತು ಬಿಸಿಲು ಕಡಲನ್ನೇ ಕುದಿಸುವ ಹಾಗಿತ್ತು. ಮಧ್ಯಾಹ್ನದ ಗಿರಾಕಿಗಳು ಹೋಗಿ ತೊಕುಜಿ ಬೀಸಣಿಗೆ ಹಿಡಿದು ಕೂತಿದ್ದಾಗ ಬಾಗಿಲ ಪರದೆ ಸರಿಸಿ, ತಲೆ ತಗ್ಗಿಸಿ, ಭಾರೀ ಎತ್ತರದ ಹೆಂಗಸೊಬ್ಬಳು ಒಳಗೆ ಬಂದಳು. ಹಾಲೆಂಡಿನ ಕಡೆಯವಳು. ಬೆನ್ನ ಮೇಲೆ ಸಂಸಾರವನ್ನೇ ತುಂಬಿದಂಥ ಚೀಲ, ಕೈಯಲ್ಲಿ ಹಿದಾಕಾನ ಕರಪತ್ರ. ಕಷ್ಟಪಟ್ಟು ಕಲಿತ ಭಾಷೆಯಲ್ಲಿ ಒಂದೊಂದೇ ಮಾತನ್ನು ಇಟ್ಟಿಗೆಯಂತೆ ಜೋಡಿಸಿ ಹೇಳಿದಳು:

"ನಮಸ್ಕಾರ. ನನಗೆ ಹಿಯಾಜಿರು ಬೇಕು. ಹೊರಗೆ ಗಾಜಿನಲ್ಲಿ ಇದೆಯಲ್ಲ, ಅದು."

ತೊಕುಜಿ ಹಲ್ಲಿನ ಸಂದಿಯಿಂದ ಸುಯ್ಯೆಂದು ಗಾಳಿ ಎಳೆದುಕೊಂಡ. ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿದ.

"ಹಿಯಾಜಿರು... ಅದು... ಸ್ವಲ್ಪ ಕಷ್ಟ ಆಗಬಹುದೇನೋ..."

ಆ ಗಾಳಿ ಎಳೆದ ಸದ್ದು ಕೇಳಿದ್ದರೇ ಸಾಕಿತ್ತು, ಊರಿನ ಸಣ್ಣ ಮಗುವೂ "ಹಾಗಾದ್ರೆ ಉದೋನ್ ಕೊಡಿ" ಅನ್ನುತ್ತಿತ್ತು. ಗಿರಾಕಿಯ ಮುಖಕ್ಕೆ 'ಇಲ್ಲ' ಅನ್ನುವುದಕ್ಕಿಂತ ಅಂಗಡಿಗೆ ಬೀಗ ಜಡಿಯುವುದು ವಾಸಿ ಎಂದು ತಿಳಿದವರ ಊರು ಅದು. ಆದರೆ ಆ ಹೆಂಗಸು ಸಂತೋಷದಿಂದ ನಕ್ಕಳು.

"ಕಷ್ಟವಾ? ಪರವಾಗಿಲ್ಲ. ನಿಧಾನವಾಗಿ ಮಾಡಿ. ನನ್ನ ಬಸ್ಸು ಸಂಜೆಗೆ" ಎಂದು ಚೀಲ ಇಳಿಸಿ ಕೂತೇಬಿಟ್ಟಳು.

"ಉದೋನ್... ಉದೋನ್ ಬಹಳ ಚೆನ್ನಾಗಿದೆ ಇವತ್ತು" ಎಂದು ತೊಕುಜಿ ಹಸಿ ಸುಳ್ಳು ಹೇಳಿ ನೋಡಿದ.

"ಉದೋನ್ ಎಲ್ಲಾ ಕಡೆ ತಿಂದೆ. ಇದು ಇಲ್ಲಿ ಮಾತ್ರ ಅಂತ ಬರೆದಿದ್ದಾರೆ. ಫುಮಿ ಸಾನ್ ಇದ್ದಾರಾ?"

ಆ ಹೆಸರನ್ನು ಹೊಸಬರ ಬಾಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ತೀರಿಹೋದಳು ಎನ್ನುವ ಬದಲು ಅವನು "ಇದಾಳೆ... ಮೇಲೆ" ಎಂದು ಮಹಡಿಯ ಕಡೆ ಕೈ ತೋರಿಸಿದ. ಅದೇನೂ ಸುಳ್ಳಲ್ಲ, ಅವಳ ಫೋಟೋ ಮೇಲೆ ದೇವರ ಗೂಡಿನಲ್ಲಿತ್ತು. ಹೆಂಗಸು ಮಹಡಿಯ ಕಡೆ ತಿರುಗಿ ಭಕ್ತಿಯಿಂದ ತಲೆಬಾಗಿದಳು. ಇನ್ನು ತೊಕುಜಿಗೆ ತಪ್ಪಿಸಿಕೊಳ್ಳುವ ದಾರಿ ಉಳಿಯಲಿಲ್ಲ. ಇವಳನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದರೆ ಹೋಗುವುದು ಫುಮಿಯ ಹೆಸರು. ಅದಕ್ಕಿಂತ ಒಳಗಿನ ಇನ್ನೊಂದು ಆಸೆಯೂ ಅವನಿಗಿತ್ತು. ಹೇಗಾದರೂ ಆ ಸಾರು ಆದರೆ, ಆ ರುಚಿಯನ್ನು ತಾನೂ ಇನ್ನೊಂದು ಸಲ ಕಾಣಬಹುದು. ಎರಡು ಬೇಸಿಗೆಯಿಂದ ಅವನು ಬಯಸಿದ್ದು ಅದೊಂದನ್ನೇ.

ಹಿತ್ತಲ ಬಾಗಿಲಿಗೆ ಓಡಿದ. ಪಕ್ಕದ ಕ್ಷೌರದಂಗಡಿಯ ಎಬಿಹಾರಾ ಹಿಂದಿನ ಮೆಟ್ಟಿಲ ಮೇಲೆ ಸಿಗರೇಟು ಸೇದುತ್ತಿದ್ದ.

"ಎಬಿಹಾರಾ, ನಿಂಗೆ ಹಿಯಾಜಿರು ಮಾಡೋಕೆ ಬರುತ್ತಾ?"

"ತಿನ್ನೋಕೆ ಬರುತ್ತೆ ಅಣ್ಣಾ. ಯಾಕೆ?"

"ಒಳಗೆ ಒಬ್ಬಳು ಕೂತಿದಾಳೆ. ಏಳ್ತಾ ಇಲ್ಲ."

"ಕಷ್ಟ ಆಗಬಹುದು ಅನ್ನಬೇಕಿತ್ತಣ್ಣಾ."

"ಅಂದೆ."

"ಗಾಳಿ ಎಳ್ಕೊಂಡ್ರಾ?"

"ಎಳ್ಕೊಂಡೆ. ಕತ್ತೂ ವಾಲಿಸ್ದೆ."

"ಆದ್ರೂ ಕೂತ್ಳಾ!" ಎಬಿಹಾರಾ ಸಿಗರೇಟು ಆರಿಸಿದ. "ಗಟ್ಟಿ ಹೆಂಗಸು ಬಿಡಿ. ಇದು ಚಿಯೊ ಅಕ್ಕನೇ ಬರಬೇಕಾದ ಕೇಸು."

ಅವನು ಬೀದಿಗೆ ಹೋಗಿ ಕೂಗಿದ ರೀತಿಗೆ ಮೀನಂಗಡಿಯ ಚಿಯೊ ಒಬ್ಬಳೇ ಅಲ್ಲ, ಅರ್ಧ ಬಜಾರೇ ಕಿವಿ ನಿಮಿರಿಸಿತು. ಚಿಯೊ ರಬ್ಬರ್ ಬೂಟಿನಲ್ಲೇ ದಡದಡ ಬಂದಳು, ಒಂದು ಕೈಯಲ್ಲಿ ಮೀನು, ಇನ್ನೊಂದರಲ್ಲಿ ಮಂಜುಗಡ್ಡೆಯ ಚೀಲ. ಫುಮಿಯ ಜೀವದ ಗೆಳತಿ ಅವಳು. ಅವಳ ಹಿಂದೆಯೇ, ಎಬಿಹಾರಾನ ಕುರ್ಚಿಯಲ್ಲಿ ಕಾದು ಕಾದು ಬೇಸತ್ತ ಗಿರಾಕಿಯೊಬ್ಬ ಬಂದ. ಅವನ ಅರ್ಧ ಗಡ್ಡ ಹೋಗಿತ್ತು, ಇನ್ನರ್ಧದ ಮೇಲೆ ನೊರೆ ಇತ್ತು, ಕೊರಳಿಗೆ ಟವೆಲು.

"ನನ್ನ ಗಡ್ಡ ಏನಾಗಬೇಕು?"

"ಫುಮಿ ಸಾನ್ ಹಿಯಾಜಿರು ಮಾಡ್ತಿದೀವಿ, ಸುಮ್ನಿರಿ."

"ಹೌದಾ!" ಅರ್ಧ ಗಡ್ಡದವನು ಗಡ್ಡ ಮರೆತು ಒಳಗೆ ಬಂದ. ಅವನು ಆ ಅಂಗಡಿಯ ಹಳೇ ಗಿರಾಕಿ.

ಚಿಯೊ ಕೆಲಸಕ್ಕಿಳಿದಳು. ಮೀನು ಸುಟ್ಟು, ಮುಳ್ಳು ಬಿಡಿಸಿ, ಒಳಗೆಲ್ಲ ಗೀರುಗಳಿರುವ ಮಣ್ಣಿನ ಬೋಗುಣಿಯಲ್ಲಿ ಎಳ್ಳು, ಮಿಸೊ ಸೇರಿಸಿ ಗರಗರ ಅರೆದಳು. ಅರೆದದ್ದನ್ನು ಬೋಗುಣಿಯ ಒಳಮೈಗೆ ಮೆತ್ತಿ, ಬೋಗುಣಿಯನ್ನು ಬೋರಲು ಹಿಡಿದು ಒಲೆಯ ಉರಿಯ ಮೇಲೆ ಕಾಯಿಸಿದಳು. ಮಿಸೊ ಸುಟ್ಟ ಘಮಲು ಎದ್ದಿತು. ಮಂಜುಗಡ್ಡೆ ಹಾಕಿದ ತಿಳಿನೀರಿನಲ್ಲಿ ಕರಗಿಸಿ, ಸೋಯಾ ಹಾಲಿನ ಪನೀರಿನಂಥ ತೊಫು ಕಿವುಚಿ ಹಾಕಿ, ಸೌತೆಕಾಯಿ ಹೆಚ್ಚಿ ಸೇರಿಸಿದಳು. ಮೊದಲ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತೊಕುಜಿಗೆ ಕೊಟ್ಟಳು. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು.

ತೊಕುಜಿ ಒಂದು ಗುಟುಕು ಕುಡಿದ. ಅವನ ಮುಖ ಇಳಿದುಹೋಯಿತು.

"ಇದಲ್ಲ."

"ಏನು ಇದಲ್ಲ?"

"ಫುಮಿಯದು ಹೀಗಿರಲಿಲ್ಲ. ಇದರಲ್ಲಿ ಹೊಗೆ ವಾಸನೆ. ಮೀನಿನ ನಾರು ಹಲ್ಲಿಗೆ ಸಿಗುತ್ತೆ. ಅವಳದು ನುಣ್ಣಗೆ, ಸ್ವಲ್ಪ ಸಿಹಿ ಸಿಹಿ ಇರ್ತಿತ್ತು."

"ಸಿಹಿ ಸಿಹಿ?" ಚಿಯೊ ಸೊಂಟದ ಮೇಲೆ ಕೈಯಿಟ್ಟಳು. "ತೊಕುಜಿ ಅಣ್ಣಾ, ನಾನು ವಾರಕ್ಕೊಂದಿನ ಇಲ್ಲೇ ಕೂತು ಉಂಡಿದೀನಿ. ಅವಳು ಸಕ್ಕರೆ ಡಬ್ಬಿನ ಹಿಯಾಜಿರು ಹತ್ರಕ್ಕೂ ಬಿಡ್ತಿರಲಿಲ್ಲ."

"ನೀವೆಲ್ಲ ಗಿರಾಕಿಗಳು ಚಿಯೊ ಸಾನ್. ನಾನು ಗಂಡ. ಬೇಸಿಗೆ ಬೇಸಿಗೆ ಅವಳ ಕೈಯಿಂದ ಉಂಡಿದೀನಿ. ನನ್ನ ನಾಲಿಗೆಗೆ ಗೊತ್ತಾಗಲ್ವಾ?"

ಚಿಯೊ ಏನೋ ಹೇಳಲು ಬಾಯಿ ತೆರೆದಳು. ಇದ್ದಕ್ಕಿದ್ದಂತೆ ಏನೋ ನೆನಪಾದವಳಂತೆ ಮುಚ್ಚಿಕೊಂಡಳು. ಕೈಗಳು ಸೊಂಟದಿಂದ ಜಾರಿ ಕೆಳಗೆ ಬಂದವು.

"ಹೌದು ಬಿಡಿ" ಎಂದಳು ಮೆಲ್ಲಗೆ. "ನಿಮ್ಮ ನಾಲಿಗೆ ಬೇರೆ."

ಜೀವಮಾನದಲ್ಲಿ ಚಿಯೊ ಯಾರಿಗಾದರೂ ಅಷ್ಟು ಬೇಗ ಸೋತದ್ದನ್ನು ಬಜಾರು ಕಂಡಿರಲಿಲ್ಲ. ತೊಕುಜಿಗೆ ಒಳಗೊಳಗೇ ಹೆಮ್ಮೆಯಾಯಿತು. ಎಷ್ಟಾದರೂ ಕಟ್ಟಿಕೊಂಡ ಗಂಡನಲ್ಲವೇ!

ಬೇಡವಾದ ಸಾರನ್ನು ಚೆಲ್ಲುವುದುಂಟೇ? ಎಬಿಹಾರಾನೂ ಅರ್ಧ ಗಡ್ಡದವನೂ ಬೋಗುಣಿ ಎತ್ತಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತರು. ಆಮೇಲೆ ಅಲ್ಲಿಂದ ಮಾತೇ ಇಲ್ಲ, ಸೊರಸೊರ ಸದ್ದು ಮಾತ್ರ. ಅರ್ಧ ಗಡ್ಡದವನು ನಡುವೆ ಟವೆಲಿನಿಂದ ಕಣ್ಣು ಒರೆಸಿಕೊಂಡ. ನೊರೆ ಕಣ್ಣಿಗೆ ಹೋಗಿರಬೇಕು ಎಂದುಕೊಂಡ ತೊಕುಜಿ. ಕೆಟ್ಟುಹೋದ ಸಾರನ್ನು ಈ ಪರಿ ಚಪ್ಪರಿಸುತ್ತಾರಲ್ಲ, ಇವರ ನಾಲಿಗೆಗಿಷ್ಟು ಎಂದು ಅವನಿಗೆ ಸಿಟ್ಟೂ ಬಂತು.

ಅಷ್ಟರಲ್ಲಿ ಹಿದಾಕಾ ಓಡಿ ಬಂದ. ತೊಕುಜಿಯನ್ನು ಅವನು ಮನೆತನದ ಹೆಸರಿನಿಂದಲೇ ಕರೆಯುತ್ತಿದ್ದ. "ಇವಾಕಿರಿ ಸಾನ್! ಕರಪತ್ರ ನೋಡಿ ಬಂದ ಮೊದಲನೇ ಪ್ರವಾಸಿ! ಇನ್ನೂ ಖಾಲಿ ಮೇಜಿನ ಮುಂದೆ ಕೂರಿಸಿದೀರಲ್ರೀ! ಬಜಾರಿನ ಮಾನ ಏನಾಗಬೇಕು?"

"ಮಾನದ ಯೋಚನೆ ಅಚ್ಚು ಹಾಕಿಸೋ ಮುಂಚೆ ಬರಬೇಕಿತ್ತು" ಎಂದಳು ಚಿಯೊ ಇನ್ನೊಂದು ಬೋಗುಣಿಯಲ್ಲಿ ಅರೆಯುತ್ತಲೇ. "ಹೋಗಿ ಅವಳನ್ನ ಮಾತಾಡಿಸ್ತಾ ಕೂತ್ಕೊಳ್ಳಿ. ಅದೊಂದು ಚೆನ್ನಾಗಿ ಬರುತ್ತಲ್ಲ ನಿಮಗೆ."

ಹಿದಾಕಾ ಹೋಗುವ ಮುನ್ನ ಸಲಹೆ ಕೊಡದೆ ಹೋಗಲಿಲ್ಲ. ಸಿಹಿ ಬೇಕೆಂದರೆ ಕಪ್ಪು ಸಕ್ಕರೆ ಹಾಕಿ, ನುಣ್ಣಗೆ ಬೇಕೆಂದರೆ ಕಡಲೆಕಾಯಿ ಅರೆದು ಹಾಕಿ ಎಂದ. ಎರಡನೇ ಸಾರಿಗೆ ಎರಡನ್ನೂ ಹಾಕಿದರು. ತೊಕುಜಿ ಬಾಯಿಗಿಟ್ಟುಕೊಂಡು, "ಇದು ನಿಮ್ಮ ಕಡುಬಿನ ಹೂರಣ" ಎಂದ. ಮೂರನೆಯದಕ್ಕೆ ಅವನೇ ಬೋಗುಣಿ ಬೋರಲು ಹಿಡಿದ. ಬೋಗುಣಿ ಒಲೆಯ ಅಂಚಿಗೆ ತಗುಲಿ, ಮೆತ್ತಿದ್ದ ಮಿಸೊ ಅಷ್ಟೂ ಕಳಚಿ ದಬ್ ಎಂದು ಉರಿಗೆ ಬಿತ್ತು. ದಟ್ಟ ಹೊಗೆ ಎದ್ದಿತು. ಛಾವಣಿಯ ಹೊಗೆಗಂಟೆ ಕಿಟಾರನೆ ಕಿರುಚಿಕೊಂಡಿತು. ಎಬಿಹಾರಾ ಬಕೆಟ್ಟು ಹಿಡಿದು ನುಗ್ಗಿದ, ಚಿಯೊ ಬೇಡ ಬೇಡ ಅನ್ನುವಷ್ಟರಲ್ಲಿ ನೀರೆಲ್ಲ ತೊಕುಜಿಯ ಮೇಲೆ ಸುರಿದಾಗಿತ್ತು. ಮುಂದುಗಡೆ ಆ ಹೆಂಗಸು ಎದ್ದು ನಿಂತು, ಹೊಗೆ, ಗಂಟೆ, ನೀರು ಎಲ್ಲವನ್ನೂ ನೋಡಿ, ಇದು ಅಡುಗೆಗೆ ಮೊದಲಿನ ಪೂಜೆ ಇರಬೇಕೆಂದು ಕೈ ಮುಗಿದಳು. ಹಿದಾಕಾ ಹೌದೆಂದು ತಲೆಯಾಡಿಸಿ ಅವಳ ಮುಂದೆ ಇನ್ನೊಂದು ಕಡುಬು ಇಟ್ಟ.

ಒದ್ದೆ ಕೋಳಿಯಂತೆ ತೊಕುಜಿ ಅಡುಗೆಮನೆಯ ಮೂಲೆಯಲ್ಲಿ ಕುಸಿದ. ಮೂರು ಸಾರೂ ಹಾಳಾಗಿದ್ದವು, ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು.

"ಅವಳು ಕೇಳಿದ್ದು ಒಂದು ಬಟ್ಟಲು ಸಾರು" ಎಂದ. "ಫುಮಿ ಅದನ್ನ ಮಾಡೋವಾಗ ಒಂದೇ ಒಂದು ದಿನ ಪಕ್ಕದಲ್ಲಿ ನಿಂತಿದ್ರೆ ಸಾಕಿತ್ತು ಚಿಯೊ ಸಾನ್. ಒಂದಿನ ರಜ ಹಾಕಿದ್ರೆ ಸಾಕಿತ್ತು. ಬಸ್ಸು ಬೇರೆಯವರು ಓಡಿಸ್ತಿದ್ರು."

ಚಿಯೊ ಒಲೆ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಎಬಿಹಾರಾನಿಗೆ ನೋಡಲಾಗಲಿಲ್ಲ. "ತಾಳಿ, ನಮ್ಮನೇಲಿ ಮಾಡಿಟ್ಟಿರಬಹುದು, ನೋಡ್ಕೊಂಡು ಬರ್ತೀನಿ" ಎಂದು ಹೊರಗೆ ಹೋದವನು ಸ್ವಲ್ಪ ಹೊತ್ತಿನಲ್ಲೇ ಮುಚ್ಚಿದ ಪಾತ್ರೆಯೊಂದನ್ನು ಹಿಡಿದು ಬಂದ. ಯಾರ ಮುಖವನ್ನೂ ನೋಡದೆ ತೊಕುಜಿಯ ಮುಂದೆ ಇಟ್ಟ.

ತೊಕುಜಿ ನಿರಾಸೆಯಿಂದಲೇ ಒಂದು ಸೌಟು ಬಾಯಿಗಿಟ್ಟ. ಅವನ ಕೈ ಅಲ್ಲೇ ನಿಂತುಬಿಟ್ಟಿತು.

ಅದೇ ನುಣುಪು, ಅದೇ ತೆಳ್ಳನೆಯ ಸಿಹಿ. ಬೇಸಿಗೆಯ ರಾತ್ರಿಗಳೆಲ್ಲ ಒಟ್ಟಿಗೆ ಅವನ ನಾಲಿಗೆಯ ಮೇಲೆ ಬಂದು ಕೂತವು. ಮಹಡಿಯ ಕಿಟಕಿಯಿಂದ ಬರುವ ಉಪ್ಪುಗಾಳಿ, ತಿರುಗುವ ಫ್ಯಾನು, ಎದುರಿಗೆ ಮೊಣಕಾಲೂರಿ ಕೂತು ಅವನ ಮುಖವನ್ನೇ ನೋಡುವ ಫುಮಿ. ಅವನು ಇನ್ನೊಂದು ಸೌಟು ಕುಡಿದ. ಗಲ್ಲದ ಮೇಲೆ ನೀರು ಇಳಿಯಿತು, ಅದು ಬಕೆಟ್ಟಿನ ನೀರಲ್ಲ.

"ಇದು! ಇದೇ! ಇದು ಫುಮಿ ಕೈ!" ಎಂದು ಕೂಗಿದ. ಆಮೇಲೆ, ಮೀನಿನವಳು, ಕ್ಷೌರಿಕ, ಅರ್ಧ ಗಡ್ಡದವನು ಎಲ್ಲರ ಎದುರಿಗೆ, ಅವಳು ಬದುಕಿದ್ದಾಗ ಒಂದು ದಿನವೂ ಆಡದ ಮಾತು ಆಡಿಬಿಟ್ಟ. "ಬಹಳ ರುಚಿಯಾಗಿದೆ ಕಣೇ."

ಅರ್ಧ ಗಡ್ಡದವನು ಕುತೂಹಲದಿಂದ ಪಾತ್ರೆಗೆ ಸೌಟು ಅದ್ದಿ ನೆಕ್ಕಿ ನೋಡಿದ. "ಅಲ್ಲ, ಇದು..." ಎಂದು ಶುರುಮಾಡಿದ. ಚಿಯೊ ರಬ್ಬರ್ ಬೂಟಿನಿಂದ ಅವನ ಕಾಲು ತುಳಿದಳು.

ತೊಕುಜಿ ತಾನೇ ಒಳ್ಳೆಯ ಬಟ್ಟಲು ಹುಡುಕಿ ಬಡಿಸಿ, ತಾನೇ ಹೊತ್ತುಕೊಂಡು ಹೋಗಿ ಹೆಂಗಸಿನ ಮುಂದಿಟ್ಟ. ಹೊಟ್ಟೆ ತುಂಬ ಕಡುಬು ತಿಂದಿದ್ದರೂ ಅವಳು ಕೊನೆಯ ಹನಿಯವರೆಗೆ ಬಟ್ಟಲೆತ್ತಿ ಕುಡಿದಳು.

"ತುಂಬಾ ರುಚಿ. ಇಂಥದ್ದು ತಿಂದೇ ಇಲ್ಲ. ಫುಮಿ ಸಾನ್‌ಗೆ ಹೇಳಿ."

"ಹೇಳ್ತೀನಿ" ಎಂದ ತೊಕುಜಿ. "ಈಗ ತಾನೇ ನಾನೂ ಹೇಳಿದೆ."

ಅವಳು ಚೀಲ ಹೊತ್ತು ಹೊರಟಳು. ಹಿದಾಕಾ ಬಸ್‌ಸ್ಟ್ಯಾಂಡಿನವರೆಗೆ ಕಳಿಸಿಬರಲು ಜೊತೆಗೆ ಹೋದ. ಅವಳು ಮೂಲೆ ತಿರುಗುವವರೆಗೂ ತೊಕುಜಿ ಬಾಗಿಲಲ್ಲಿ ಬಾಗಿ ನಿಂತಿದ್ದ. ಒಳಗೆ ಬಂದಾಗ ಅವನು ಹತ್ತು ವರ್ಷ ಚಿಕ್ಕವನಾಗಿದ್ದ.

"ಎಬಿಹಾರಾ, ನಡಿ ನಿಮ್ಮನೆಗೆ. ನಿನ್ನ ಹೆಂಡತಿಗೆ ದೊಡ್ಡ ನಮಸ್ಕಾರ ಮಾಡ್ತೀನಿ. ನಾಳೆಯಿಂದ ಅವರ ಹತ್ರಾನೇ ಕಲಿತೀನಿ. ಫುಮಿ ಅವರಿಗೇ ಹೇಳಿಕೊಟ್ಟಿರಬೇಕು ನೋಡು!" ಎಂದು ಒದ್ದೆ ಬಟ್ಟೆಯಲ್ಲೇ ಹೊರಟ.

ಎಬಿಹಾರಾ ಬಾಗಿಲಿಗೆ ಅಡ್ಡ ನಿಂತ. ನಿಂತವನು ಹಾಗೇ ಮೊಣಕಾಲೂರಿ, ಹಣೆಯನ್ನು ನೆಲಕ್ಕೆ ಹಚ್ಚಿದ.

"ತಪ್ಪಾಯ್ತು ತೊಕುಜಿ ಅಣ್ಣ. ನನ್ನ ಹೆಂಡತಿ ತೌರಿಗೆ ಹೋಗಿದಾಳೆ. ಅದು ಪ್ಯಾಕೆಟ್ಟು."

"ಏನು ಪ್ಯಾಕೆಟ್ಟು?"

"ಹಿಯಾಜಿರು ಪ್ಯಾಕೆಟ್ಟು. ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತಲ್ಲ. ಹರಿದು ತಣ್ಣೀರು ಬೆರೆಸ್ದೆ, ಸೌತೆಕಾಯಿ ಹಾಕ್ದೆ, ಅಷ್ಟೇ. ನಿಮ್ಮನ್ನ ಆ ಸ್ಥಿತೀಲಿ ನೋಡಕ್ಕಾಗಲಿಲ್ಲ. ನೀವ್ಯಾಕೆ ಅತ್ರಿ ಅಂತ ನನಗೇ ಗೊತ್ತಾಗ್ತಿಲ್ಲ."

ತೊಕುಜಿ ಅವನನ್ನೂ ಪಾತ್ರೆಯನ್ನೂ ನೋಡಿದ. ನಿಧಾನವಾಗಿ ಅವನ ಮುಖ ಕೆಂಪೇರಿತು. ಈ ನಾಲಿಗೆ ತಪ್ಪು ಹೇಳುವುದಿಲ್ಲ, ಇದು ಫುಮಿಯದೇ ರುಚಿ. ಹಾಗಾದರೆ?

"ಅಂದ್ರೆ... ಫುಮಿ ಇಷ್ಟು ವರ್ಷ ಊರಿಗೆಲ್ಲ ಪ್ಯಾಕೆಟ್ಟು ಬಡಿಸಿ ಹೆಸರು ತಗೊಂಡ್ಳಾ?"

"ಬಾಯಿಗೆ ಬಂದ ಹಾಗೆ ಮಾತಾಡಬೇಡಿ!" ಎಂದು ಅರ್ಧ ಗಡ್ಡದವನು ಎದ್ದೇಬಿಟ್ಟ. ಒಣಗಿದ ನೊರೆ ಅವನ ಗಲ್ಲದಿಂದ ಉದುರಿತು. "ಫುಮಿ ಸಾನ್ ಸಾರು ಅಂದ್ರೆ ಮೊದಲು ಚಿಯೊ ಸಾನ್ ಅರೆದರಲ್ಲ, ಅದು. ಅದೇ ಹೊಗೆ, ಅದೇ ನಾರು. ಆ ಮೆಟ್ಟಿಲ ಮೇಲೆ ಕೂತು ಕುಡೀತಾ ಕುಡೀತಾ ನನಗೆ ಅಳು ಬಂತು ಕಣ್ರೀ. ಪ್ಯಾಕೆಟ್ಟಂತೆ!"

"ಮತ್ತೆ ನಾನು ಉಂಡಿದ್ದು?"

ಎಲ್ಲರೂ ಚಿಯೊಳ ಕಡೆ ತಿರುಗಿದರು. ಚಿಯೊ ಒಲೆಯನ್ನು ಒರೆಸಿದ್ದೇ ಒರೆಸುತ್ತಿದ್ದಳು.

"ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ" ಎಂದಳು.

"ಚಿಯೊ ಸಾನ್."

ಅವಳು ಬಟ್ಟೆ ಕೆಳಗಿಟ್ಟಳು. "ಇಪ್ಪತ್ತು ವರ್ಷದ ಹಿಂದೆ, ಆ ಸೂಪರ್ ಮಾರ್ಕೆಟ್ ಹೊಸದಾಗಿ ಬಂದ ಬೇಸಿಗೆ. ಅವಳಿಗೆ ಒಂದಿನ ಜ್ವರ. ಅಂಗಡಿಗೆ ಅರೆದದ್ದು ಮುಗಿದುಹೋಗಿತ್ತು. ರಾತ್ರಿ ನಿಮಗೆ ಅಂತ ಮತ್ತೆ ಅರೆಯೋಕೆ ತ್ರಾಣ ಇರಲಿಲ್ಲ. ಪ್ಯಾಕೆಟ್ಟು ತಂದು ಬಡಿಸಿದ್ಳು. ಬೈತಾರೇನೋ ಅಂತ ಹೆದರಿಕೊಂಡೇ ಎದುರಿಗೆ ಕೂತಿದ್ಳಂತೆ. ನೀವು ಪೇಪರು ಓದ್ತಾ ಎರಡು ಬಟ್ಟಲು ಉಂಡು 'ಹ್ಞೂಂ' ಅಂದ್ರಿ."

ಚಿಯೊ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು ಮುಂದುವರಿಸಿದಳು.

"ಮಾರನೇ ದಿನ ನೋಡೋಣ ಅಂತ ಮತ್ತೆ ಅದನ್ನೇ ಬಡಿಸಿದ್ಳು. ಆಗಲೂ 'ಹ್ಞೂಂ'. ಆಮೇಲೆ ಅವಳಿಗೂ ಹಟ ಬಂತು. 'ಇದೇನೇ ಇವತ್ತು ಬೇರೆ ಥರ ಇದೆ ಅಂತ ಒಂದು ಮಾತು ಕೇಳಲಿ ಚಿಯೊ, ಮಾರನೇ ದಿನವೇ ಅರೆದು ಬಡಿಸ್ತೀನಿ' ಅಂತಿದ್ಳು. ಅಂಗಡಿಗೆ ಮಾತ್ರ ದಿನಾ ನಸುಕಲ್ಲಿ ಎದ್ದು ಅರೀತಿದ್ಳು. ಗಿರಾಕಿಗಳು ಚೆನ್ನಾಗಿದೆ ಅಂತಾರೆ, ಅವರಿಗೆ ಮೋಸ ಮಾಡಬಾರದು ಅಂತ. ಪ್ರತಿ ಬೇಸಿಗೆ ಶುರುವಾದಾಗ್ಲೂ 'ಈ ಸಲ ಕೇಳ್ತಾರೆ ನೋಡು' ಅನ್ನೋಳು. ನಗ್ತಾನೇ ಹೇಳ್ತಿದ್ಳು ತೊಕುಜಿ ಅಣ್ಣ. ಮೊದಮೊದಲು ನಿಜವಾಗ್ಲೂ ನಗ್ತಾನೇ."

ಇಡೀ ಬಂದರಿನಲ್ಲಿ ಫುಮಿಯ ಕೈರುಚಿ ನೆನಪಿಲ್ಲದವನು ಅವಳ ಗಂಡನೊಬ್ಬನೇ. ಅವಳನ್ನು ಬಲ್ಲವನು ತಾನು ಎಂದು ಆ ದಿನವೆಲ್ಲ ಬೀಗಿದವನೂ ಅವನೇ. ಅವನು ಮೊದಲಿನ ಬೋಗುಣಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ.

"ಇದರಲ್ಲಿ... ಏನಾದ್ರೂ ಉಳಿದಿದೆಯಾ?"

ಎಬಿಹಾರಾ ಎದ್ದು ಅಪರಾಧಿಯಂತೆ ಕತ್ತು ತಗ್ಗಿಸಿದ. "ಗೀರಿನ ಸಂದಿಯಲ್ಲಿದ್ದದ್ದನ್ನೂ ಬಿಟ್ಟಿಲ್ಲ. ಅಷ್ಟು ಚೆನ್ನಾಗಿತ್ತು."

ತೊಕುಜಿ ಬೋಗುಣಿಯನ್ನು ಮೂಸಿ ನೋಡಿದ. ಸುಟ್ಟ ಮಿಸೊದ ವಾಸನೆ ಬಂತು. ಅದು ಅವನಿಗೆ ಯಾರನ್ನೂ ನೆನಪಿಸಲಿಲ್ಲ. ಆಗ ಅವನಿಗೆ ಆದ ಸಂಕಟವನ್ನು ಅವನು ಯಾರಿಗೂ ಹೇಳುವಂತಿರಲಿಲ್ಲ.

ಅಷ್ಟರಲ್ಲಿ ಹಿದಾಕಾ ಏದುಸಿರು ಬಿಡುತ್ತ ಬಂದ. "ಇವಾಕಿರಿ ಸಾನ್! ಆ ಹೆಂಗಸು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರಿಗೆಲ್ಲ ಹೇಳ್ಬಿಟ್ಳು! ಅವಳ ಊರಿನವರದೇ ಒಂದು ಗುಂಪು ನಾಳೆ ಮಧ್ಯಾಹ್ನ ಬರುತ್ತೆ. ಎಲ್ಲರಿಗೂ ಹಿಯಾಜಿರು! ಏನಂತೀರಿ?"

ತೊಕುಜಿ ಗಾಳಿ ಎಳೆದುಕೊಳ್ಳಲಿಲ್ಲ. ಕತ್ತು ವಾಲಿಸಲೂ ಇಲ್ಲ.

"ನಾನು ಬಂದು ಅರೀತೀನಿ" ಎಂದಳು ಚಿಯೊ ಬೇಗ ಬೇಗ. "ನೀವು ಪಕ್ಕದಲ್ಲಿ ನಿಂತು ಕಲೀರಿ. ಅವಳು ಮಾಡ್ತಿದ್ದ ಹಾಗೇ, ಒಂದು ಚೂರೂ ಬಿಡದೆ ಹೇಳಿಕೊಡ್ತೀನಿ. ಅವರೆಲ್ಲ ಹೋದ್ಮೇಲೆ ಕೂತು ನೀವೂ ಒಂದು ಬಟ್ಟಲು ಉಣ್ಣಿ. ಉಣ್ತೀರಲ್ಲ?"

ಉಂಡರೂ ತನ್ನ ನಾಲಿಗೆ ಏನನ್ನುತ್ತದೆ ಎಂದು ತೊಕುಜಿಗೆ ಗೊತ್ತಿತ್ತು. ಇವತ್ತಿನಂತೆಯೇ 'ಇದಲ್ಲ' ಅನ್ನುತ್ತದೆ.

"ಬಂದವರಿಗೆ ಅರೆದದ್ದೇ ಬಡಿಸೋಣ ಚಿಯೊ ಸಾನ್" ಎಂದ. ಎಬಿಹಾರಾ ತಂದ ಪಾತ್ರೆಯ ತಳದಲ್ಲಿ ಉಳಿದಿದ್ದ ಸಾರನ್ನು ತನ್ನ ಬಟ್ಟಲಿಗೆ ಬಗ್ಗಿಸಿಕೊಂಡ. "ನನಗೆ ಪ್ಯಾಕೆಟ್ಟೇ ಇರಲಿ. ನನ್ನ ಹೆಂಡತಿ ನನಗೆ ಬಡಿಸಿದ್ದು ಅದೇ ತಾನೆ."